ಜಾಸ್ತಿ ಬೆಳಕು ಬೇಕಾ, ಒಂದೇ ಬೆಳಕು ಬೇಕಾ?

ನಮಸ್ಕಾರ. ಮುಂಬೈಯಲ್ಲಿ ಕನ್ನಡ ನಾಟಕ, ತುಳು ನಾಟಕ, ಯಕ್ಷಗಾನ ಮಾಡುವ ನಮ್ಮಂಥ ತಂಡಗಳಿಗೆ ಸ್ವಂತ ಲೈಟು ಇರುವುದು ಅಪರೂಪ. ಇವತ್ತು ಮಾಟುಂಗಾ, ಮುಂದಿನ ತಿಂಗಳು ಕುರ್ಲಾ. ಹೋದಲ್ಲೆಲ್ಲ ಬಾಡಿಗೆಯ ಎಲ್‌ಇಡಿ ಲೈಟು. ಬಾಡಿಗೆಯವರು ಮೊದಲು ಹೇಳುವುದೇ ವಾಟ್ ಲೆಕ್ಕ. ವಾಟ್ ಅಂದರೆ ಲೈಟು ಎಳೆಯುವ ಕರೆಂಟು, ಕೊಡುವ ಬೆಳಕಲ್ಲ. ಆದರೂ ನಾವು ತಲೆಯಾಡಿಸಿ ಅಡ್ವಾನ್ಸ್ ಕೊಟ್ಟು ಬರುತ್ತೇವೆ, ಅಲ್ವಾ? ನನ್ನ ಮಾತು ಇಷ್ಟೇ: ಎಷ್ಟು ಬ್ರೈಟು ಅಂತ ಆಮೇಲೆ ಕೇಳಿ, ಎಲ್ಲ ಲೈಟೂ ಒಂದೇ ಥರ ಇವೆಯಾ ಅಂತ ಮೊದಲು ಕೇಳಿ.

ನಮ್ಮ ಕಣ್ಣು ಬೆಳಕಿನ ಪ್ರಮಾಣದ ವಿಷಯದಲ್ಲಿ ತುಂಬ ಉದಾರಿ. ಲೈಟನ್ನು ನೂರರಿಂದ ಎಂಬತ್ತಕ್ಕೆ ಮೆಲ್ಲಗೆ ಇಳಿಸಿದರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಬಣ್ಣದ ವಿಷಯದಲ್ಲಿ ಮಾತ್ರ ಅದು ಬಲು ಖಡಕ್. ಹಿಂಪರದೆಯ ಮೇಲೆ ಪಕ್ಕಪಕ್ಕ ಬಿದ್ದ ಎರಡು ಬಿಳಿಗಳಲ್ಲಿ ಒಂದು ಚೂರು ಗುಲಾಬಿ, ಇನ್ನೊಂದು ಚೂರು ಹಸಿರು ಇದ್ದರೂ ಹಿಂದಿನ ಸಾಲಿನವರಿಗೂ ಕಾಣುತ್ತದೆ. ಎಷ್ಟು ವ್ಯತ್ಯಾಸವಾದರೆ ಕಣ್ಣು ಹಿಡಿಯುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿ ಡೇವಿಡ್ ಮ್ಯಾಕ್ಆಡಮ್ ಅಳೆದು 1942ರಲ್ಲೇ ಪ್ರಕಟಿಸಿದ್ದರು. ಎಲ್‌ಇಡಿಗಳ ಬಣ್ಣ ಎಷ್ಟು ಹೊಂದುತ್ತದೆ ಎಂದು ಹೇಳಲು ಇಂದಿಗೂ ಅವರ ಅಳತೆಯನ್ನೇ ಬಳಸುತ್ತಾರೆ.

ಈಗ ಅಸಲಿ ತೊಂದರೆಗೆ ಬರೋಣ: ಬಿಸಿ. ನಾವು ಬಾಡಿಗೆಗೆ ತರುವ ಡಬ್ಬಿಯಂಥ ಪಾರ್ ಲೈಟಿನೊಳಗೆ ಕೆಂಪು ಬೆಳಕು ಕೊಡುವ ಎಲ್‌ಇಡಿ ಚಿಪ್ಪನ್ನು ಮಾಡುವ ವಸ್ತುವೇ ಬೇರೆ, ಹಸಿರು-ನೀಲಿ ಚಿಪ್ಪುಗಳ ವಸ್ತುವೇ ಬೇರೆ. ಬಿಸಿಯಾದಾಗ ಮೂರೂ ಮಂಕಾಗುತ್ತವೆ. ಆದರೆ ಕೆಂಪು ಉಳಿದೆರಡಕ್ಕಿಂತ ಜಾಸ್ತಿ ಕುಸಿಯುತ್ತದೆ. ಸಂಜೆಯ ದೃಶ್ಯ ಅಂತಿಟ್ಟುಕೊಳ್ಳಿ. ಕೆಂಪು ಪೂರ್ತಿ ಎತ್ತಿ, ಅದಕ್ಕೆ ಸ್ವಲ್ಪ ಹಸಿರು ಬೆರೆಸಿ ಚೆಂದದ ಅಂಬರ್ (ಕಿತ್ತಳೆ-ಹಳದಿ) ಮಾಡಿದಿರಿ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕೆಂಪು ಇಳಿಯಿತು, ಹಸಿರು ಹೆಚ್ಚುಕಡಿಮೆ ಅಲ್ಲೇ ನಿಂತಿತು. ಅಮ್ಮನ ಪಾತ್ರದ ಮುಖಕ್ಕೆ ಕಾಮಾಲೆ ಬಂದ ಹಾಗಾಯಿತು! ಲೈಟು ನಡೆಸುವ ಬೋರ್ಡ್ ಮುಂದೆ ಕೂತವರು ಏನೂ ಮುಟ್ಟಿರುವುದಿಲ್ಲ. ಬೈಸಿಕೊಳ್ಳುವವರು ಮಾತ್ರ ಅವರೇ.

ಒಳ್ಳೆಯ ಲೈಟು ತಯಾರಿಸುವವರು ಇದಕ್ಕೊಂದು ಉಪಾಯ ಮಾಡುತ್ತಾರೆ. ತಣ್ಣಗಿರುವಾಗ ಕೆಂಪನ್ನು ಬೇಕಂತಲೇ ತಡೆದು ಇಡುತ್ತಾರೆ. ಒಳಗಿನ ಸೆನ್ಸರ್ ಬಿಸಿ ಏರಿದ್ದನ್ನು ನೋಡಿ ಕೆಂಪಿಗೆ ಕರೆಂಟು ಹೆಚ್ಚಿಸುತ್ತದೆ. ಹಾಗಾಗಿ ಶುರುವಿನಲ್ಲಿ ಆ ಲೈಟು ಪಕ್ಕದ ಅಗ್ಗದ ಲೈಟಿಗಿಂತ ಡಲ್ ಅನ್ನಿಸಬಹುದು. ಮೋಸ ಹೋಗಬೇಡಿ. ಎರಡನೇ ಅಂಕದಲ್ಲೂ ಅದು ಅಷ್ಟೇ ಇರುತ್ತದೆ. ಕೆಲವು ಲೈಟುಗಳ ಮೆನುವಿನಲ್ಲೇ ಎರಡು ಮೋಡ್ ಇರುತ್ತವೆ: ಒಂದು ಪೂರ್ತಿ ಜೋರಿಗೆ, ಇನ್ನೊಂದು ಸ್ಥಿರತೆಗೆ. ನಾಟಕಕ್ಕೆ ಎರಡನೆಯದೇ ಸರಿ. ಡಿಜೆ ರಾತ್ರಿಗೆ ಮೊದಲನೆಯದು ಇರಲಿ ಬಿಡಿ.

ಅಗ್ಗದ ಲೈಟೇ ಗತಿಯಾದರೆ? ಸುಮ್ನೆ ನೂರಕ್ಕೆ ಎತ್ತಬೇಡಿ, ಎಪ್ಪತ್ತರ ಆಸುಪಾಸಿನಲ್ಲಿ ನಡೆಸಿ. ಬಿಸಿಯೂ ಕಡಿಮೆ, ಕೆಂಪು ಇಳಿದಾಗ ಎತ್ತಲು ಜಾಗವೂ ಇರುತ್ತದೆ. ಬಣ್ಣ ಕೂಡಿಸುವ ಮೊದಲು ಅರ್ಧ ಗಂಟೆ ಉರಿಸಿ. ಹೊಸದು-ಹಳೆಯದು ಬೆರೆತು ಬಂದರೆ ಹಳೆಯವನ್ನೆಲ್ಲ ರಂಗದ ಹಿಂಬದಿಯ ಕಂಬಿಗೆ ಕಟ್ಟಿ, ಮುಖದ ಮೇಲೆ ಒಂದೇ ಲಾಟಿನವು ಬೀಳಲಿ. ಫ್ಯಾನಿನ ಜಾಳಿಗೆಯನ್ನೂ ನೋಡಿ. ಈ ಊರಿನ ಧೂಳು, ಮಳೆಗಾಲದ ತೇವ ಸೇರಿ ಅಲ್ಲಿ ಒಂದು ಪದರವೇ ಕಟ್ಟಿರುತ್ತದೆ. ಗಾಳಿ ಆಡದಿದ್ದರೆ ಮತ್ತೆ ಅದೇ ಬಿಸಿ, ಅದೇ ಕಥೆ.

ಯಕ್ಷಗಾನದವರಿಗೆ ಬೇರೆಯದೇ ಪಾಡು. ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು ಸೇರಿದ ಬಣ್ಣಗಾರಿಕೆ ಬೆಳೆದದ್ದು ದೊಂದಿಯ ಬೆಳಕಿನಲ್ಲಿ, ಆಮೇಲೆ ಗ್ಯಾಸ್‌ಲೈಟಿನಲ್ಲಿ. ಆ ಬೆಳಕಿನಲ್ಲಿ ಹಳದಿ, ಕಿತ್ತಳೆ ಧಾರಾಳ. ಬರೀ ಕೆಂಪು-ಹಸಿರು-ನೀಲಿ ಬೆರೆಸಿದ ಬಿಳಿಯಲ್ಲಿ ಹಸಿರಿಗೂ ಕೆಂಪಿಗೂ ನಡುವಿನ ಆ ಭಾಗವೇ ಬಹುಪಾಲು ಖಾಲಿ. ವೇಷಧಾರಿ ಗಂಟೆಗಟ್ಟಲೆ ಕೂತು ಬರೆದ ಮುಖ ಚಪ್ಪಟೆಯಾಗಿ ಕಾಣುವುದು ಅದಕ್ಕೇ. ಅಂಬರ್ ಚಿಪ್ಪೂ ಇರುವ ಲೈಟು ಕೇಳಿ. ಬೆಚ್ಚನೆಯ ಬಿಳಿ ಕೊಡುವ ಲೈಟಾದರೆ ಸಿಆರ್‌ಐ, ಅಂದರೆ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂದು ಹೇಳುವ ಸರಾಸರಿ ಅಂಕಿ, ಅದೊಂದನ್ನೇ ಕೇಳಿ ಸುಮ್ಮನಾಗಬೇಡಿ. ಆ ಸರಾಸರಿಯಲ್ಲಿ ಗಾಢ ಕೆಂಪು ಸೇರುವುದೇ ಇಲ್ಲ. ಅದಕ್ಕೆ ಆರ್9 ಅಂತ ಬೇರೆ ಅಂಕಿ ಇದೆ, ಅದನ್ನು ಕೇಳಿ. ಇಂಥ ಲೈಟು ಅದೇ ವಾಟಿಗೆ ಸ್ವಲ್ಪ ಕಡಿಮೆ ಬೆಳಕು ಕೊಟ್ಟೀತು. ಕೊಡಲಿ. ಇಂಗಳೀಕ ಇಂಗಳೀಕದ ಹಾಗೆ ಕಂಡರೆ ನನಗೆ ಸಾಕು.

ಬಾಡಿಗೆ ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಬಿಳಿ ಪಂಚೆ ಒಯ್ಯಿರಿ. ಎಲ್ಲ ಲೈಟನ್ನೂ ಅದರ ಮೇಲೆ ಒಟ್ಟಿಗೆ ಬಿಡಿ, ಮೊದಲು ಪೂರ್ತಿ, ಆಮೇಲೆ ನೂರಕ್ಕೆ ಹತ್ತರಷ್ಟು. ಕೆಳಗೆ ಇಳಿದಾಗಲೇ ಬಂಡವಾಳ ಬಯಲಾಗುವುದು: ಒಂದು ಗಕ್ಕನೆ ಆರುತ್ತದೆ, ಇನ್ನೊಂದು ನಡುಗುತ್ತದೆ. ಹಾಗೇ ಮೊಬೈಲ್ ಕ್ಯಾಮೆರಾ ಹಿಡಿದು ನೋಡಿ. ಅಡ್ಡಪಟ್ಟೆ ಓಡಿದರೆ ಕಣ್ಣಿಗೆ ಕಾಣದ ಹಾಗೆ ಆರಿ ಹತ್ತುವ ಆ ಲೈಟಿನ ಮಿಣುಕು ತೀರಾ ನಿಧಾನ ಎಂದರ್ಥ. ವಿಡಿಯೋ ಮಾಡಿಸುವ ಪ್ರಯೋಗವಾದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.