ಉಂಡ ಮೇಲೆ ಯಾವ ಮಗ್ಗುಲು?

ಎಲ್ಲರಿಗೂ ನಮಸ್ಕಾರ. "ಡಾಕ್ಟ್ರೇ, ಗ್ಯಾಸ್ಟ್ರಿಕ್ ಬಗ್ಗೆ ಮಾತಾಡಿ" ಅಂತ ಕರೆದಿದ್ದೀರಿ. ಏನು ತಿನ್ನಬೇಕು, ಏನು ಬಿಡಬೇಕು ಅನ್ನುವುದು ನಿಮಗೆಲ್ಲ ಬಾಯಿಪಾಠ ಆಗಿದೆ. ಹೇಗೆ ಕೂತು ಉಣ್ಣುತ್ತೇವೆ, ಉಂಡ ಮೇಲೆ ಎತ್ತ ಒರಗುತ್ತೇವೆ, ಇದನ್ನು ಯಾರೂ ಕೇಳುವುದಿಲ್ಲ. ಅದನ್ನೇ ಮಾತಾಡೋಣ.

ಹೊಟ್ಟೆಯ ಚೀಲ ನೇರವಾಗಿಲ್ಲ. ಬಾಗಿದ ಸೋರೆಕಾಯಿಯ ಹಾಗೆ, ಅದರ ದಪ್ಪ ಭಾಗ ಎಡಕ್ಕೆ ಉಬ್ಬಿದೆ. ಅನ್ನನಾಳ ಬಂದು ಸೇರುವುದು ಆ ಉಬ್ಬಿನ ಬಲಗಡೆಗೆ. ಸೇರುವ ಕಡೆ ಸ್ನಾಯುವಿನ ಒಂದು ಬಿಗಿ ಉಂಗುರ ಇದೆ. ನುಂಗಿದಾಗ ತೆರೆಯುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ವಯಸ್ಸಾದಂತೆ, ಹೊಟ್ಟೆ ಬಂದಂತೆ, ಈ ಬಿಗಿ ಸಡಿಲವಾಗಬಹುದು.

ಈಗ ಬಲಮಗ್ಗುಲಿಗೆ ಮಲಗಿದಿರಿ ಅಂದುಕೊಳ್ಳಿ. ಹೊಟ್ಟೆಯ ಉಬ್ಬು ಮೇಲಾಯಿತು, ಅನ್ನನಾಳದ ಬಾಯಿ ಕೆಳಗಾಯಿತು. ಉಂಗುರ ಸ್ವಲ್ಪ ಸಡಿಲವಾದರೂ ಹುಳಿ ನೀರು ಗಂಟಲ ಕಡೆಗೆ ಹರಿಯುತ್ತದೆ. ಎಡಮಗ್ಗುಲಾದರೆ ಅದೇ ಹುಳಿ ಉಬ್ಬಿನ ತಳದಲ್ಲಿ ನಿಲ್ಲುತ್ತದೆ, ಅನ್ನನಾಳದ ಬಾಯಿ ಮೇಲಿರುತ್ತದೆ. ಉಂಡು ನೂರಡಿ ನಡೆದು ಎಡಮಗ್ಗುಲಿಗೆ ಮಲಗು ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ವಾ? ಹುಳಿತೇಗಿನವರಿಗೆ ಇವತ್ತು ನಾವು ಡಾಕ್ಟರುಗಳು ಹೇಳುವುದೂ ಅದನ್ನೇ. ಆದರೆ ಊಟಕ್ಕೂ ಹಾಸಿಗೆಗೂ ನಡುವೆ ಎರಡು ಮೂರು ಗಂಟೆ ಬಿಡಿ. ರಾತ್ರಿ ಎದೆಯುರಿ ಜಾಸ್ತಿ ಇರುವವರು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರು ಇಂಚಿನ ಮರದ ತುಂಡು ಇಡಿ. ಬರೀ ಎರಡು ದಿಂಬು ಇಟ್ಟುಕೊಂಡರೆ ಕತ್ತು ಮಡಚುತ್ತದೆ, ಹೊಟ್ಟೆ ಒತ್ತುತ್ತದೆ.

ಒಂದು ಎಚ್ಚರಿಕೆ. ಎದೆ ಬಿಗಿದು, ಬೆವರು ಬಂದು, ನೋವು ಕೈಗೋ ದವಡೆಗೋ ಹರಡಿದರೆ ಅದನ್ನು ಗ್ಯಾಸ್ ಅಂದುಕೊಂಡು ಸೋಡಾ ಕುಡಿದು ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ.

ಸೋಫಾದಲ್ಲಿ ಕುಸಿದು ಕೂತು ಉಣ್ಣುವುದೂ ಕಷ್ಟ ಕೊಡುತ್ತದೆ. ಹೊಟ್ಟೆ ಮಡಚಿ, ಒಳಗಿನದು ಮೇಲಕ್ಕೆ ಒತ್ತುತ್ತದೆ. ಬೆಲ್ಟ್ ಬಿಗಿ ಇದ್ದರೂ ಹಾಗೆಯೇ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಸಂಶೋಧಕರು ಜನರ ಸೊಂಟಕ್ಕೆ ಬೆಲ್ಟ್ ಬಿಗಿದು ಪರೀಕ್ಷಿಸಿದಾಗ ಹುಳಿ ಮೇಲೇರುವುದು ಹೆಚ್ಚಾಗಿತ್ತು. ಮನೆಗೆ ಬಂದ ಕೂಡಲೇ ಪ್ಯಾಂಟು ಬಿಚ್ಚಿ ಸಡಿಲವಾಗಿ ಪಂಚೆ ಉಟ್ಟು ಊಟಕ್ಕೆ ಕೂರುವುದು ಒಳ್ಳೆಯ ಅಭ್ಯಾಸ. ಮಂಡಿ ನೋವಿರುವವರು ಸುಮ್ನೆ ನೆಲಕ್ಕೆ ಕೂತು ಒದ್ದಾಡಬೇಡಿ. ಕುರ್ಚಿಯಲ್ಲಿ ಬೆನ್ನು ನೇರ ಮಾಡಿ, ಪಾದ ಊರಿ ಕೂತರೆ ಸಾಕು.

ನಿಂತು ತಿಂದರೆ? ಬೆಂಗಳೂರಿನ ದರ್ಶಿನಿಗಳು ನಮಗೆ ಅದನ್ನು ಚೆನ್ನಾಗಿ ಕಲಿಸಿವೆ. ಅಮೆರಿಕದ ಸೌತ್ ಫ್ಲಾರಿಡಾ ವಿಶ್ವವಿದ್ಯಾಲಯದ ದೀಪಾಯನ್ ಬಿಸ್ವಾಸ್ ಮತ್ತು ಜೊತೆಗಾರರು 2019ರಲ್ಲಿ ಇದರ ಬಗ್ಗೆ ಬರೆದರು. ಅದೇ ತಿಂಡಿ ಕೂತವರಿಗಿಂತ ನಿಂತವರಿಗೆ ಕಡಿಮೆ ರುಚಿ ಅನ್ನಿಸಿತು, ಅವರು ತಿಂದದ್ದೂ ಕಡಿಮೆ. ಹಾಗಂತ ತೂಕ ಇಳಿಸಲು ನಿಂತೇ ತಿನ್ನಿ ಅಂತ ನಾನು ಹೇಳುವುದಿಲ್ಲ. ನಿಂತವರಿಗೆ ಅವಸರ. ಹೊಟ್ಟೆ ತುಂಬಿತು ಅನ್ನುವುದು ಮನಸ್ಸಿಗೆ ತಿಳಿಯಲು ಸುಮಾರು ಇಪ್ಪತ್ತು ನಿಮಿಷ ಬೇಕು. ಐದು ನಿಮಿಷದಲ್ಲಿ ತಟ್ಟೆ ಖಾಲಿಯಾದರೆ ಆ ಸುದ್ದಿ ಬರುವ ಮೊದಲೇ ಇನ್ನೊಂದು ವಡೆ ಒಳಗೆ ಹೋಗಿರುತ್ತದೆ.

ಮಾತ್ರೆಗಳ ವಿಷಯ ಇನ್ನೂ ಮುಖ್ಯ. ಮಲಗಿಕೊಂಡೇ ಒಂದು ಗುಟುಕು ನೀರಿನಲ್ಲಿ ಮಾತ್ರೆ ನುಂಗುವವರು ನಿಮ್ಮಲ್ಲೂ ಇದ್ದೀರಿ. ದಯವಿಟ್ಟು ಬೇಡ. ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡಬಹುದು. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ನುಂಗಿದ ಮೇಲೆ ಅರ್ಧ ಗಂಟೆ ಮಲಗಲೇಬಾರದು. ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್ ಅನ್ನೂ ಕೂತು, ಲೋಟ ತುಂಬ ನೀರಿನ ಜೊತೆಗೇ ನುಂಗಬೇಕು.

ಕೊನೆಗೆ ನಮ್ಮ ಮನೆಯದೇ ಮಾತು. ಅಪ್ಪ ಕೊನೆಯ ವರ್ಷ ಹಾಸಿಗೆ ಹಿಡಿದಿದ್ದರು. ಅರ್ಧ ಮಲಗಿಸಿಯೇ ಚಮಚದಲ್ಲಿ ಗಂಜಿ ಕೊಡುತ್ತಿದ್ದೆವು. ನಾಲ್ಕು ಚಮಚಕ್ಕೆ ಮುಖ ತಿರುಗಿಸುತ್ತಿದ್ದರು, ಕೆಮ್ಮು ಬರುತ್ತಿತ್ತು. ಹಸಿವೇ ಹೋಗಿದೆ ಅಂತ ನಾವು ತಿಳಿದಿದ್ದೆವು. ಮನೆಗೆ ಬರುತ್ತಿದ್ದ ನರ್ಸಮ್ಮ ನೋಡಿ, "ಸಾರ್, ಹೀಗೆ ಮಲಗಿಸಿದರೆ ನೀವೇ ನುಂಗೋಕೆ ಆಗುತ್ತಾ?" ಅಂದರು. ಡಾಕ್ಟರಾಗಿ ನನಗೆ ಹೊಳೆಯದ್ದು ಅವರಿಗೆ ಹೊಳೆದಿತ್ತು. ಮರುದಿನದಿಂದ ಅಪ್ಪನನ್ನು ಕುರ್ಚಿಗೆ ತಂದೆವು. ಎರಡೂ ಪಕ್ಕ ದಿಂಬು, ಪಾದದ ಕೆಳಗೆ ಮಣೆ, ಗದ್ದ ಸ್ವಲ್ಪ ಕೆಳಗೆ. ಕೆಮ್ಮು ಕಡಿಮೆಯಾಯಿತು. ನಾವೆಲ್ಲ ಉಣ್ಣುವಾಗಲೇ ಅವರೂ ಉಣ್ಣತೊಡಗಿದರು. ವಾರ ಕಳೆಯುವುದರಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ ಕೇಳಿದರು. ಅಮ್ಮ ಅದರ ರಸವನ್ನು ಗಂಜಿಗೆ ಒಂದು ತೊಟ್ಟು ಹಾಕಿದರು. ಉಂಡ ಮೇಲೂ ಅರ್ಧ ಗಂಟೆ ಅವರನ್ನು ಕೂರಿಸಿಯೇ ಇಡುತ್ತಿದ್ದೆವು, ರೇಡಿಯೋ ಹಾಕಿ.