ಮೊಮೊಸ್ತೆನಾಂಗೊ: ಬೀಜಕ್ಕಿಂತ ಮೊದಲು ಎಣಿಕೆ

ಈಗ ಕಾಣ್ತಿರೋ ಊರು ಮೊಮೊಸ್ತೆನಾಂಗೊ. ಗ್ವಾಟೆಮಾಲಾದ ಪಶ್ಚಿಮದ ಗುಡ್ಡಸೀಮೆ, ಕಿಚೆ ಮಾಯಾ ಜನರ ಊರು, ಉಣ್ಣೆ ಕಂಬಳಿಗೆ ಹೆಸರುವಾಸಿ. ನಾವು ಶಾಮನ್ ಅನ್ನೋರಿಗೆ, ಅಂದರೆ ಕಣಿ ಹೇಳಿ ಪೂಜೆ ಮಾಡೋರಿಗೆ, ಇಲ್ಲಿ ಆಹ್‌ಕಿಹ್ ಅಂತಾರೆ. ಕಿಹ್ ಅಂದ್ರೆ ದಿನ, ಸೂರ್ಯ ಕೂಡ. ದಿನಗಳ ಲೆಕ್ಕ ಕಾಯುವವರು ಅಂತ ಅರ್ಥ.

ಹೊರಗಿಂದ ಕಲಿಯೋಕೆ ಬಂದವರ ಕಣ್ಣು ಮೊದಲು ಹೋಗೋದು ಕಣಿ ಹೇಳೋಕೆ ಬಳಸೋ ಬೀಜದ ಚೀಲದ ಮೇಲೆ. ಅದು ಆಮೇಲೆ. ಮೊದಲು ಬಾಯಿಗೆ ಬರಬೇಕಾದ್ದು ಎಣಿಕೆ. ದಿನದ ಹೆಸರು 20, ಸಂಖ್ಯೆ 1ರಿಂದ 13. ಎರಡೂ ಜೊತೆಜೊತೆಗೇ ಸಾಗುತ್ತವೆ. ಇವತ್ತು 1 ಬಾತ್ಸ್ ಆದರೆ ನಾಳೆ 2 ಎ, ನಾಡಿದ್ದು 3 ಆಹ್. ಹದಿಮೂರನೆಯದು 13 ಅಕಬಾಲ್. ಮರುದಿನ 14 ಅಲ್ಲ, 1 ಕಾತ್. ಎಡವೋದು ಇಲ್ಲೇ: ಸಂಖ್ಯೆ ಹಿಂದಕ್ಕೆ ಬಂತು ಅಂತ ಹೆಸರನ್ನೂ ಮೊದಲಿಂದ ಶುರುಮಾಡ್ತಾರೆ. ಒಂದು ದಿನ ಜಾರಿದರೆ ಅಲ್ಲಿಂದ ಮುಂದಿನದೆಲ್ಲ ತಪ್ಪು. ತಾಳೆ ನೋಡೋಕೆ ಒಂದು ದಾರಿ ಇದೆ. 20 ದಿನ ಕಳೆದರೆ ಹೆಸರು ಅದೇ ಬರುತ್ತೆ, ಸಂಖ್ಯೆಗೆ 7 ಕೂಡಿಸಿ, 13 ದಾಟಿದರೆ 13 ಕಳೆಯಿರಿ. 1 ಬಾತ್ಸ್ ಆದಮೇಲೆ 8 ಬಾತ್ಸ್, ಆಮೇಲೆ 2 ಬಾತ್ಸ್. 260 ದಿನಕ್ಕೆ ಸುತ್ತು ಪೂರ್ತಿ.

ಬೀಜ ಇದು, ತ್ಸಿತೆ. ನಮ್ಮ ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸೋ ಹಾಲುವಾಣದ ಜಾತಿಯದೇ ಮರ. ಕೆಂಪಗೆ ಚೆಂದ, ಆದರೆ ವಿಷ. ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು. ಚೀಲದಲ್ಲಿ ಜೊತೆಗೆ ಸ್ಫಟಿಕದ ಹರಳುಗಳೂ ಇರುತ್ತವೆ. ಪ್ರಶ್ನೆ ಹೇಳಿ, ರಾಶಿಯಿಂದ ಒಂದು ಹಿಡಿ ತೆಗೆದು, ನಾಲ್ಕು ನಾಲ್ಕು ಬೀಜದ ಗುಂಪು ಮಾಡಿ ಸಾಲಾಗಿ ಜೋಡಿಸ್ತಾರೆ. ಒಂದು ಗುಂಪಿಗೆ ಒಂದು ದಿನದಂತೆ ಹೆಸರು ಹೇಳ್ತಾ ಹೋಗಿ, ಕೊನೆಯ ಗುಂಪಿಗೆ ಬಂದ ದಿನವನ್ನು ಓದೋದು. ಎಣಿಕೆ ಗಟ್ಟಿ ಇಲ್ಲದವರ ಕೈಯಲ್ಲಿ ಇದು ಬರೀ ಬೀಜ.

ಎಣಿಸುವಾಗ ಮೈಯೂ ಮಾತಾಡಬೇಕು. ತೊಡೆಯಲ್ಲೋ ತೋಳಲ್ಲೋ ರಕ್ತ ಮಿಡಿದ ಹಾಗಾಗುತ್ತೆ. ಅದಕ್ಕೆ ಕೊಯೊಪಾ, ಅಂದರೆ ಮಿಂಚು ಅಂತಾರೆ. ಎಡಕ್ಕೋ ಬಲಕ್ಕೋ, ಮುಂದೋ ಹಿಂದೋ, ಜಾಗ ಬದಲಾದರೆ ಅರ್ಥವೂ ಬದಲು. ಇದನ್ನು ಪುಸ್ತಕದಿಂದ ಕಲಿಯೋಕಾಗಲ್ಲ. ಗುರುವಿನ ಪಕ್ಕ ಕೂತೇ ಕಲೀಬೇಕು.

ಕಲಿಕೆಯ ಕಾಲದಲ್ಲಿ ಸಂಖ್ಯೆ 1, 8, 9 ಬರೋ ದಿನಗಳಲ್ಲಿ ಗುಡಿಕಟ್ಟೆಗಳಿಗೆ ಹೋಗಿ ಧೂಪ, ಮೇಣದಬತ್ತಿ ಅರ್ಪಿಸ್ತಾರೆ. ಧೂಪ ಕೋಪಾಲ್ ಮರದ ಅಂಟು, ಇಲ್ಲಿ ಅದಕ್ಕೆ ಪೋಮ್ ಅಂತಾರೆ. ಒದ್ದೆಯಾದರೆ ಬರೀ ಹೊಗೆ, ಉರಿ ಹತ್ತಲ್ಲ. ದೊಡ್ಡ ಪೂಜೆಗೆ ನೆಲದ ಮೇಲೆ ಸಕ್ಕರೆಯಿಂದ ವೃತ್ತ, ಅದರೊಳಗೆ ಅಡ್ಡಉದ್ದ ಎರಡು ಗೆರೆ. ಪೂರ್ವಕ್ಕೆ ಕೆಂಪು ಬತ್ತಿ, ಪಶ್ಚಿಮಕ್ಕೆ ಕಪ್ಪು, ಉತ್ತರಕ್ಕೆ ಬಿಳಿ, ದಕ್ಷಿಣಕ್ಕೆ ಹಳದಿ, ನಡುವೆ ನೀಲಿ, ಹಸಿರು.

ಹಿರಿಯ ಗಂಡಸರನ್ನು ‘ತಾತ್’, ಹೆಂಗಸರನ್ನು ‘ನಾನ್’ ಅಂತ ಕರೀರಿ. ಕನ್ನಡದ ನಾಲಿಗೆಗೆ ಕಷ್ಟವಿಲ್ಲ. ಕೇಳದೆ ಕ್ಯಾಮೆರಾ ಎತ್ತಬೇಡಿ, ಉರಿಯ ಮುಂದಂತೂ ಬೇಡವೇ ಬೇಡ.

ಹೊರಗಿನವರಿಗೆ ಬಾಗಿಲು ಮುಚ್ಚಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞರಾದ ಬಾರ್ಬರಾ ಮತ್ತು ಡೆನಿಸ್ ಟೆಡ್‌ಲಾಕ್ ದಂಪತಿ 1976ರಲ್ಲಿ ಇದೇ ಊರಲ್ಲಿ ಕಲಿತು ದೀಕ್ಷೆ ಪಡೆದರು. ದೀಕ್ಷೆಗೆ ನಿಗದಿಯಾದ ದಿನ 8 ಬಾತ್ಸ್. ಬೀಜದ ಚೀಲ ಶಿಷ್ಯರ ಸ್ವಂತದ್ದಾಗೋದು ಅವತ್ತೇ.