ರಾತ್ರಿ ಹಲ್ಲಿನ ಸೆಟ್ ತೆಗೆದಿಟ್ಟು ಮಲಗ್ರಿ

ನಮಸ್ಕಾರ್ರಿ. ಮನ್ಯಾಗ ಪೂರ್ತಿ ಹಲ್ಲಿನ ಸೆಟ್ ಕಟ್ಟಿಸಿಕೊಂಡ ಅಜ್ಜಾರು, ಅಮ್ಮಾರು ಇದ್ರ ಇವತ್ತ ರಾತ್ರಿ ಒಂದು ನೋಡ್ರಿ. ಅವರು ಮಲಗೋ ಹೊತ್ತಿಗೆ ಆ ಹಲ್ಲು ಬಾಯಾಗ ಅದಾವೋ, ನೀರಿನ ಡಬ್ಬ್ಯಾಗ ಅದಾವೋ?

ಬಾಯಾಗ ಇದ್ರ ಈ ಮಾತು ನಿಮಗೇ. ಜಪಾನಿನಾಗ 85 ದಾಟಿದ 524 ಮಂದಿಯನ್ನ ಸಂಶೋಧಕರು ಮೂರು ವರ್ಷ ಗಮನಿಸಿ 2015ರಾಗ ವರದಿ ಕೊಟ್ಟರು. ಸೆಟ್ ಹಾಕ್ಕೊಂಡೇ ಮಲಗೋರಿಗೆ ನ್ಯುಮೋನಿಯಾ ಅಪಾಯ ಎರಡು ಪಟ್ಟಿಗಿಂತ ಹೆಚ್ಚು ಕಂಡಿತ್ತು. ಸೆಟ್ಟೇ ಕಾರಣ ಅಂತ ಇಷ್ಟರಿಂದ ಸಾಬೀತಾಗಂಗಿಲ್ಲ, ಖರೆ. ಆದ್ರ ನಿದ್ದ್ಯಾಗ ಜೊಲ್ಲು ಕಡಿಮಿ ಆಗ್ತದ, ಸೆಟ್ಟಿನ ಮ್ಯಾಲಿನ ಸೂಕ್ಷ್ಮಾಣು ಉಸಿರಿನ ಜೋಡಿ ಒಳಗ ಇಳೀಬಹುದು. ತೆಗೆದಿಡಾಕ ಒಂದು ರೂಪಾಯಿ ಖರ್ಚಿಲ್ಲ. ಇಷ್ಟಾದ ಮ್ಯಾಲ ಇನ್ನೇನು ಕಾಯೂದು?

ಮ್ಯಾಲಿನ ಸೆಟ್ ತೆಗೆದು ತಿರುವಿ ಹಿಡೀರಿ. ಹೊರಗಿನ ಮೈ ಪಾಲಿಶ್ ಆಗಿರ್ತದ. ಬಾಯಿ ಅಂಗುಳಕ್ಕ ಕೂಡೋ ಒಳಮೈಗೆ ಪಾಲಿಶ್ ಇರಂಗಿಲ್ಲ, ಮಾಡಿದ್ರ ಅಳತಿ ತಪ್ತದ. ಅಲ್ಲಿ ಬೆರಳಾಡಿಸಿದಾಗ ಜಾರೋ ಲೋಳಿ ಸಿಕ್ಕರ, ಅದು ಕ್ಯಾಂಡಿಡಾ ಅನ್ನೋ ಶಿಲೀಂಧ್ರಕ್ಕ ಒಳ್ಳೆ ಜಾಗ. ಈಗ ಟಾರ್ಚ್ ಹಿಡಿದು ಬಾಯಿ ಅಂಗುಳ ನೋಡ್ರಿ: ಶಿಲೀಂಧ್ರ ಹತ್ತಿದ್ರ ಸೆಟ್ ಎಲ್ಲಿತನಕ ಮುಚ್ಚಿತ್ತೋ ಅಲ್ಲಿತನಕ ಮಾತ್ರ ಕೆಂಪಗಾಗಿರ್ತದ. ಹೆಚ್ಚಾಗಿ ನೋವಿರಂಗಿಲ್ಲ, ಅದಕ್ಕ ಯಾರೂ ಹೇಳಂಗಿಲ್ಲ.

ತೊಳೆಯೂ ಮುಂದ ಕೆಳಗ ಬುಟ್ಟ್ಯಾಗ ನೀರಿಟ್ಟು, ಇಲ್ಲಾ ದಪ್ಪನ ಟಾವೆಲ್ ಹಾಸಿ ಹಿಡೀರಿ. ಕೈ ಜಾರಿ ಬಿದ್ದರ ಅಕ್ರಿಲಿಕ್ ಅನ್ನೋ ಪ್ಲಾಸ್ಟಿಕ್ಕಿನ ಸೆಟ್ ಒಡೀತದ. ಮೆತ್ತನ ಬ್ರಷ್, ಸ್ವಲ್ಪ ದ್ರವ ಸೋಪು ಸಾಕು. ಟೂತ್‌ಪೇಸ್ಟ್ ಬ್ಯಾಡ, ಅದರಾಗಿನ ಪುಡಿ ಗೀರು ಬೀಳಸ್ತದ, ಗೀರಿನಾಗ ಕೊಳೆ ಕೂಡ್ತದ. ಬಿಸಿನೀರಿಗೆ ಸೆಟ್ ಸೊಟ್ಟಾಗ್ತದ. ರಾತ್ರಿ ತಣ್ಣೀರಿನಾಗ ಮುಳುಗಿಸಿಡ್ರಿ, ಒಣಗಿಸಬ್ಯಾಡ್ರಿ. ಒಸಡು, ನಾಲಿಗಿ ಒದ್ದಿ ಬಟ್ಟಿಲೆ ಒರೆಸ್ರಿ. ಊಟ ಆದ ಕೂಡಲೆ ಸೆಟ್ ಬಾಯಿ ಎರಡೂ ತೊಳೀಬೇಕು. ಶೇಂಗಾ ಹಿಂಡಿಯ ಒಂದು ಕಾಳು ಕೆಳಗಿನ ಸೆಟ್ಟಿನ ಒಳಗ ಸಿಕ್ಕಿದ್ರ ಸಂಜಿಯೊಳಗ ಒಸಡು ಕೊರೀತದ.

ಇನ್ನ ಸಡಿಲ ಆಗೂದು. ಹಲ್ಲು ಹೋದ ದವಡೆ ಎಲುಬು ಸವೀತನೇ ಇರ್ತದ. 25 ವರ್ಷದ ಅಳತಿಯನ್ನ 1972ರಾಗ ದಂತ ಸಂಶೋಧಕಿ ಟಾಲ್‌ಗ್ರೆನ್ ಪ್ರಕಟಿಸಿದ್ರು: ಕೆಳದವಡೆ ಮ್ಯಾಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆದಿತ್ತು. ಅದಕ್ಕ ಕೆಳಗಿನ ಸೆಟ್ಟೇ ಮೊದಲು ಕುಣೀತದ. ಅಂಟಿಸೋ ಪುಡಿ ಹೆಚ್ಚಿಗಿ ಸುರಿಯೂದು ಅದಕ್ಕ ಪರಿಹಾರ ಅಲ್ಲ, ಒಳಗ ಹೊಸ ಪದರ ಕೊಡಿಸೋ ರಿಲೈನ್ ಬೇಕು. ಚುಚ್ಚಿದ್ರ ಮನ್ಯಾಗ ಕಾನಸಿಲೆ ತಿಕ್ಕಬ್ಯಾಡ್ರಿ; ಡಾಕ್ಟರ ಕಡೆ ಹೋಗೂ ಹಿಂದಿನ ದಿನ ಸೆಟ್ ಹಾಕ್ಕೊಂಡಿದ್ರ ಒಸಡಿನ ಮ್ಯಾಲ ಗುರುತು ಕಾಣ್ತದ, ಸೆಟ್ಟಿನ ಆ ಜಾಗ ಅಷ್ಟೇ ತಿಕ್ಕಿ ತಗೀತಾರ.

ಕರ್ನಾಟಕ ಸರಕಾರದ ದಂತಭಾಗ್ಯದಂಥ ಯೋಜನೆಯಾಗ ಬಡ ಹಿರಿಯರಿಗೆ ಪುಕ್ಕಟೆ ಸೆಟ್ ಸಿಗೂದು ದೊಡ್ಡ ಕೆಲಸ. ಆದ್ರ ಸೆಟ್ ಕೈಗೆ ಕೊಟ್ಟ ದಿನ ಅರ್ಧ ಕೆಲಸ ಮಾತ್ರ ಮುಗಿದಿರ್ತದ. ಒಂದು ದಿನಕ್ಕ, ಒಂದು ವಾರಕ್ಕ, ಆಮ್ಯಾಲ ವರ್ಷಕ್ಕೊಮ್ಮೆ ಮತ್ತ ನೋಡಬೇಕು. ಆ ತಾರೀಖು ಡಬ್ಬಿ ಮ್ಯಾಲ ಕನ್ನಡದಾಗ ಬರದ ಕೊಡ್ರಿ ಅಂತ ಡಾಕ್ಟರಿಗೆ ಕೇಳ್ರಿ. ತಂಬಾಕು, ಗುಟ್ಕಾ ಹಾಕೋ ಮಂದಿಗಂತೂ ಈ ತಪಾಸಣೆ ತಪ್ಪಲೇಬಾರದು. ಎರಡು ವಾರ ಆದ್ರೂ ಮಾಯದ ಹುಣ್ಣು ಇದ್ರ, ಸೆಟ್ ತಿಕ್ಕಿ ಆಗೇದ ಬಿಡು ಅನ್ನಬ್ಯಾಡ್ರಿ, ಅವತ್ತೇ ತೋರಿಸ್ರಿ.